ಖಾಲಿ ಟ್ಯಾಂಕು, ಹಸಿರು ಬಣ್ಣ

ನಿವೃತ್ತಿಯಾದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಹೊತ್ತು ಹೇಗೆ ಹೋಗುತ್ತದೆ ಎಂದು. ಹೊತ್ತು ಚೆನ್ನಾಗಿಯೇ ಹೋಗುತ್ತದೆ. ಹೋಗದೆ ಉಳಿದಿರುವುದು ಸಿಟ್ಟು. ರವೀಂದ್ರನಗರದ ನಮ್ಮ ಮನೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿರುವಾಗ ರೂಟರಿನ ದೀಪ ಆರಿತು ಅನ್ನಿ, ನನಗೆ ಭದ್ರಾವತಿಯ ಆ ಫೌಂಡ್ರಿ ನೆನಪಾಗಿ ಮೈಯೆಲ್ಲ ಉರಿಯುತ್ತದೆ. ಈಗ ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬರುತ್ತಿರುವವರಿಗೆ ಉಪಯೋಗವಾದರೆ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಉಪದೇಶ ಅನ್ನಿಸಿದರೆ ಇಲ್ಲಿಗೇ ಬಿಟ್ಟುಬಿಡಿ, ನನಗೇನೂ ಬೇಸರವಿಲ್ಲ.

ನನ್ನ ಕೆಲಸ ಅಳೆಯುವ ಉಪಕರಣಗಳನ್ನು ಕೂಡಿಸುವುದು ಮತ್ತು ಅವು ಕೆಟ್ಟಾಗ ಬೈಗುಳ ತಿನ್ನುವುದು. ಶಿವಮೊಗ್ಗದ ಒಂದು ಸಣ್ಣ ಕಂಪನಿ. ಮಾಲೀಕರು ಪರಮೇಶ್ವರಪ್ಪನವರು. ಅಕ್ಕಿ ಗಿರಣಿಯ ಬಾಯ್ಲರ್, ಐಸ್‌ಕ್ರೀಮಿನ ಕೋಲ್ಡ್ ರೂಮು, ಫೌಂಡ್ರಿಯ ನೀರಿನ ಟ್ಯಾಂಕು, ಎಲ್ಲಿ ಶಾಖ, ಒತ್ತಡ, ನೀರಿನ ಮಟ್ಟ ಅಳೆಯಬೇಕೋ ಅಲ್ಲಿಗೆಲ್ಲ ಟೂಲ್‌ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಹೆಂಗಸು ಬಂದಿದ್ದಾಳೆ ಎಂದು ಮೊದಲು ಕುರ್ಚಿ ಕೊಡುತ್ತಿದ್ದರು. ಆಮೇಲೆ ‘ಮೆಕ್ಯಾನಿಕ್ ಯಾವಾಗ ಬರ್ತಾರೆ?’ ಎಂದು ಕೇಳುತ್ತಿದ್ದರು.

ನಾನು ಸೇರಿದ ಕಾಲದಲ್ಲಿ ಶಾಖವನ್ನು ದಾಖಲಿಸುತ್ತಿದ್ದುದು ಒಂದು ದುಂಡನೆಯ ಕಾಗದ. ಅದು ನಿಧಾನವಾಗಿ ತಿರುಗುತ್ತಿತ್ತು, ಶಾಯಿಯ ಪೆನ್ನು ಅದರ ಮೇಲೆ ಗೆರೆ ಎಳೆಯುತ್ತಿತ್ತು. ಒಂದು ಗಿರಣಿಯಲ್ಲಿ ಆ ಗೆರೆ ಎಷ್ಟು ಅಂದವಾಗಿ ಬರುತ್ತಿತ್ತೆಂದರೆ, ಪರಮೇಶ್ವರಪ್ಪನವರು ಅದನ್ನು ಬೇರೆ ಗಿರಾಕಿಗಳಿಗೆ ತೋರಿಸಿ ಬೀಗುತ್ತಿದ್ದರು. ನಾನು ಹೋಗಿ ನೋಡಿದರೆ ಅಳೆಯುವ ತಂತಿ ಎಂದೋ ತುಂಡಾಗಿತ್ತು. ಬಾಯ್ಲರಿನವನು ಪ್ರತಿದಿನ ಬೆಳಿಗ್ಗೆ ಪೆನ್ನನ್ನು ಬೇಕಾದ ಜಾಗಕ್ಕೆ ದೂಡಿ, ಕಾಗದವನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿಬಿಡುತ್ತಿದ್ದ. ‘ಯಾಕಪ್ಪಾ?’ ಅಂದರೆ, ‘ಸಾಹೇಬ್ರಿಗೆ ದುಂಡಗೆ ಇದ್ರೆ ಸಮಾಧಾನ ಮೇಡಂ’ ಎಂದ. ಉಪಕರಣ ಸತ್ತಮೇಲೂ ಸಮಾಧಾನ ಹೇಳುತ್ತಿರುತ್ತದೆ ಎಂಬುದು ನನಗೆ ಅಂದೇ ಗೊತ್ತಾಗಿತ್ತು. ಮುಂದೆ ಕಂಪ್ಯೂಟರು ಬಂತು, ಮೊಬೈಲು ಬಂತು, ಅದು ಮಾತ್ರ ಬದಲಾಗಲಿಲ್ಲ.

ಪರಮೇಶ್ವರಪ್ಪನವರು ಕೆಟ್ಟವರಲ್ಲ. ಅವರಿಗಿದ್ದ ಒಂದೇ ಕಾಯಿಲೆ ಎಂದರೆ ಬೆಂಗಳೂರಿನ ವಸ್ತುಪ್ರದರ್ಶನಗಳು. ಪ್ರತಿ ಸಲ ಹೋದಾಗಲೂ ಒಂದು ಹೊಸ ಪದ ಹೊತ್ತು ತರುತ್ತಿದ್ದರು. ಒಂದು ಸಲ ತಂದ ಪದ ‘ಕ್ಲೌಡ್’.

‘ಸುಮಿತ್ರಮ್ಮ, ಇನ್ಮೇಲೆ ತಂತಿಗಿಂತಿ ಎಳೆಯೋ ಕೆಲ್ಸವೇ ಇಲ್ಲ. ಎಲ್ಲಾ ವೈರ್‌ಲೆಸ್ಸು, ಎಲ್ಲಾ ಕ್ಲೌಡು. ಗಿರಾಕಿ ಮನೇಲಿ ಕೂತು ಮೊಬೈಲಲ್ಲಿ ನೋಡ್ಕೋತಾನೆ.’

‘ಇಂಟರ್ನೆಟ್ ಹೋದ್ರೆ ಸಾರ್?’

‘ನೀನು ಯಾವಾಗ್ಲೂ ಅಪಶಕುನ ನುಡೀತೀಯಾ ಮಾರಾಯ್ತಿ’ ಎಂದು ಎದ್ದು ಹೋದರು.

ಆ ವ್ಯವಸ್ಥೆ ಹೀಗಿತ್ತು. ಟ್ಯಾಂಕಿನ ಮೇಲೆ ಬ್ಯಾಟರಿಯ ಒಂದು ಸಣ್ಣ ಸೆನ್ಸರ್. ಅದು ನೀರಿನ ಮಟ್ಟ ನೋಡಿ ಆಗಾಗ ರೇಡಿಯೊ ಮೂಲಕ ಸಂದೇಶ ಕಳಿಸುತ್ತದೆ. ಒಳಗೆ ಗೋಡೆಯ ಮೇಲೊಂದು ಪೆಟ್ಟಿಗೆ, ಅದರ ಆಂಟೆನಾ ಬಾಗಿಲ ಪಕ್ಕದ ಕಂಬದ ಮೇಲೆ. ಈ ಪೆಟ್ಟಿಗೆಗೆ ಗೇಟ್‌ವೇ ಎನ್ನುತ್ತಾರೆ. ಇದು ಸೆನ್ಸರಿನ ಸಂದೇಶ ಕೇಳಿಸಿಕೊಂಡು ಇಂಟರ್ನೆಟ್ಟಿಗೆ ದಾಟಿಸುತ್ತದೆ. ಎಲ್ಲೋ ದೂರದೇಶದ ಕಂಪ್ಯೂಟರು ಅದನ್ನು ಓದಿ, ನೀರು ಕಡಿಮೆಯಾಗಿದ್ದರೆ ಇಲ್ಲಿನ ಮೊಬೈಲಿಗೆ ಎಚ್ಚರಿಕೆ ಕಳಿಸುತ್ತದೆ. ಟ್ಯಾಂಕು ಇಲ್ಲೇ, ಪೆಟ್ಟಿಗೆ ಇಲ್ಲೇ, ನೀರು ಬೇಕಾದ ಮನುಷ್ಯ ಇಲ್ಲೇ ನಿಂತಿದ್ದಾನೆ. ಅವನಿಗೆ ನೀರು ಖಾಲಿ ಎಂದು ಹೇಳಲು ಸುದ್ದಿ ಸಮುದ್ರ ದಾಟಿ ಹೋಗಿ ಬರಬೇಕು. ಇದನ್ನು ಪ್ರಗತಿ ಎಂದರು, ನಾನೂ ಹೋಗಿ ಕೂಡಿಸಿದೆ.

ಭದ್ರಾವತಿಯಲ್ಲಿ ಜನ್ನಾಪುರ ದಾಟಿದ ಮೇಲೆ ಸಿಗುವ ಒಂದು ಸಣ್ಣ ಫೌಂಡ್ರಿ ಅದು. ಯಜಮಾನರು ರುದ್ರೇಗೌಡರು. ಕರೆಂಟಿನ ಕುಲುಮೆಯಲ್ಲಿ ಹಳೇ ಕಬ್ಬಿಣ ಕರಗಿಸಿ ಪಂಪಿನ ಭಾಗಗಳನ್ನು ಎರೆಯುತ್ತಿದ್ದರು. ಈ ಕುಲುಮೆಯ ಸುತ್ತ ತಾಮ್ರದ ಕೊಳವೆಯ ಸುರುಳಿ ಇರುತ್ತದೆ, ಅದರೊಳಗೆ ತಣ್ಣೀರು ಹರಿಯುತ್ತಲೇ ಇರಬೇಕು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಆದರೆ ಒಳಗಿನ ಕಬ್ಬಿಣ ಕುದಿಯುತ್ತಲೇ ಇರುತ್ತದೆ. ಆಗ ಹೊರಗೆ ಎತ್ತರದಲ್ಲಿರುವ ತುರ್ತು ಟ್ಯಾಂಕಿನ ನೀರನ್ನು ಬಿಡಬೇಕು. ಆ ಟ್ಯಾಂಕೂ ಖಾಲಿಯಾಗಿದ್ದರೆ ಸುರುಳಿ ಕರಗುತ್ತದೆ. ಕರಗಿದ ಕಬ್ಬಿಣಕ್ಕೆ ಕೊಳವೆಯಲ್ಲಿ ಉಳಿದ ನೀರು ತಾಕಿದರೆ ಸಿಡಿಯುತ್ತದೆ, ಹತ್ತಿರ ನಿಂತವರ ಕಥೆ ಮುಗಿಯಿತು. ಹತ್ತಿರ ನಿಲ್ಲುತ್ತಿದ್ದವನು ಮುರುಗೇಶ. ಅವನ ಅಪ್ಪ ಕೆಲಸ ಹುಡುಕಿಕೊಂಡು ಸೇಲಂ ಕಡೆಯಿಂದ ಬಂದವರು, ಇವನು ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿಯಲ್ಲೇ. ಕುಲುಮೆಯ ಕಟ್ಟೆಯ ಮೇಲೆ ಅವನ ಪಾದದ ಗುರುತು ಬಿದ್ದಿದೆ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು.

ಆ ದಿನ ಬೆಳಿಗ್ಗೆ ರಸ್ತೆ ಅಗೆಯುವವರು ಫೌಂಡ್ರಿಯ ಇಂಟರ್ನೆಟ್ ಕೇಬಲ್ ಕತ್ತರಿಸಿಬಿಟ್ಟಿದ್ದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಚ್ಚು ಮಾಡುವವರು ಮರಳು ನೆನೆಸಲು ತುರ್ತು ಟ್ಯಾಂಕಿನ ನಲ್ಲಿಯನ್ನೇ ತಿರುಗಿಸಿಕೊಂಡರು, ಅದು ಹತ್ತಿರವಿತ್ತು ಎಂಬ ಒಂದೇ ಕಾರಣಕ್ಕೆ. ಮಧ್ಯಾಹ್ನ ಕುಲುಮೆ ತುಂಬಿದ್ದಾಗ ಕರೆಂಟು ಹೋಯಿತು. ಜನರೇಟರು ರಿಪೇರಿಗೆ ಹೋಗಿತ್ತು, ಅದು ಯಾವಾಗಲೂ ರಿಪೇರಿಗೇ ಹೋಗಿರುತ್ತದೆ. ಮುರುಗೇಶ ಟ್ಯಾಂಕಿನ ವಾಲ್ವ್ ತಿರುಗಿಸಿ ಮೊಬೈಲ್ ತೆಗೆದು ನೋಡಿದ. ಹಸಿರು ಬಣ್ಣ, ಟ್ಯಾಂಕು ತುಂಬಿದೆ. ಅದು ಬೆಳಿಗ್ಗೆ ಕೇಬಲ್ ತುಂಡಾಗುವ ಮೊದಲು ತಲುಪಿದ್ದ ಕೊನೆಯ ಸುದ್ದಿ. ಆಮೇಲೆ ಸುದ್ದಿಯೇ ಬಂದಿಲ್ಲ ಎಂದು ಹೇಳುವ ಸೌಜನ್ಯ ಕೂಡ ಆ ಆ್ಯಪಿಗೆ ಇರಲಿಲ್ಲ.

ಸುರುಳಿಯೊಳಗೆ ಗೊರಗೊರ ಸದ್ದು ಶುರುವಾದಾಗ ಅವನಿಗೆ ಅರ್ಥವಾಯಿತು. ಓಡಬಹುದಿತ್ತು, ಓಡಲಿಲ್ಲ. ಇನ್ನಿಬ್ಬರನ್ನು ಕರೆದು ಚೈನ್ ಎಳೆದು ಕುಲುಮೆಯನ್ನು ವಾಲಿಸಿ, ಕಬ್ಬಿಣವನ್ನೆಲ್ಲ ಮರಳಿನ ಗುಂಡಿಗೆ ಸುರಿದರು. ಯಾರ ಜೀವವೂ ಹೋಗಲಿಲ್ಲ. ಮುರುಗೇಶನ ಎಡಗೈ ಮೊಣಕೈವರೆಗೆ ಸುಟ್ಟಿತು.

ಅವನನ್ನು ನೋಡಲು ಜನ್ನಾಪುರದ ಅವನ ಮನೆಗೆ ಹೋದೆ. ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದ. ಅವನ ಹೆಂಡತಿ ಸೆಲ್ವಿ ನನಗೆ ಕಾಫಿ ಕೊಟ್ಟು ಬಾಗಿಲಿಗೆ ಒರಗಿ ನಿಂತಳು.

‘ಅದು ಹಸಿರು ತೋರಿಸ್ತಾ ಇತ್ತು ಮೇಡಂ’ ಎಂದ ಮುರುಗೇಶ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಗೌಡ್ರು ಸುರುಳಿ ಬದಲಾಯಿಸ್ತಾ ಇದಾರೆ. ಕೈ ವಾಸಿಯಾದ ತಕ್ಷಣ ಬಾ ಅಂತಾರೆ. ನಾನು ಹೋಗ್ಬೇಕು, ಬೇರೆ ಕೆಲ್ಸ ಗೊತ್ತಿಲ್ಲ. ಆದ್ರೆ ನೀವು ಸರಿಯಾಗಿದೆ ಅಂದ್ರೆ ಮಾತ್ರ ಆ ಕಟ್ಟೆ ಹತ್ತೋದು. ಅವರು ಹೇಳಿದ್ರೆ ಹತ್ತಲ್ಲ.’

ಸೆಲ್ವಿ ಆಗ ಬಾಯಿ ಬಿಟ್ಟಳು. ‘ನಿಮ್ಮ ಮಾತು ನಂಬ್ಕೊಂಡು ಹೋಗ್ತಾರೆ ಅಕ್ಕಾ. ನೋಡ್ಕೊಳ್ಳಿ.’

ನನಗೆ ಹೆದರಿಕೆಯಾಯಿತು. ಇಷ್ಟು ವರ್ಷ ನನ್ನ ಕೆಲಸವನ್ನು ಎಷ್ಟೋ ಜನ ನಂಬಿದ್ದಾರೆ, ಆದರೆ ಯಾರೂ ಹೀಗೆ ಮುಖ ನೋಡಿ ಹೇಳಿರಲಿಲ್ಲ.

ಮರುದಿನವೇ ಆ ಗೇಟ್‌ವೇ ಮಾರಿದ ಬೆಂಗಳೂರಿನ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಅಲ್ಲಿಂದ ಶುರುವಾಯಿತು ನನ್ನ ವನವಾಸ. ಇಂಟರ್ನೆಟ್ ಇಲ್ಲದೆಯೂ ಈ ಪೆಟ್ಟಿಗೆ ಕೆಲಸ ಮಾಡಬೇಕು, ಸೆನ್ಸರಿನ ಸಂದೇಶವನ್ನು ಅದೇ ಓದಿ ಅಲ್ಲೇ ಸೈರನ್ ಹೊಡೆಯಬೇಕು, ಹೇಗೆ ಎಂದು ಕೇಳಿದೆ.

‘ಮೇಡಂ, ಮೊದಲು ನಿಮ್ಮ ಇಂಟರ್ನೆಟ್ ಕನೆಕ್ಷನ್ ಸರಿ ಇದೆಯಾ ಚೆಕ್ ಮಾಡಿ.’

‘ಇಂಟರ್ನೆಟ್ ಇಲ್ಲದಿದ್ರೂ ನಡೀಬೇಕು ಅಂತಾನೇ ಕೇಳ್ತಿರೋದಪ್ಪಾ.’

‘ಇಂಟರ್ನೆಟ್ ಇಲ್ಲ ಅಂದ್ರೆ ನಿಮ್ಮ ಸರ್ವಿಸ್ ಪ್ರೊವೈಡರನ್ನ ಸಂಪರ್ಕಿಸಿ ಮೇಡಂ.’

ನಾನು ಹಣೆ ಚಚ್ಚಿಕೊಂಡೆ. ಹಲವು ಸಲ ಫೋನ್ ಮಾಡಿದ ಮೇಲೆ ಒಬ್ಬ ಪುಣ್ಯಾತ್ಮ ಸಿಕ್ಕಿದ. ಪೆಟ್ಟಿಗೆಯೊಳಗೇ ಎಲ್ಲವನ್ನೂ ಮಾಡುವ ಸೌಕರ್ಯವಿದೆ, ಮಾರುವಾಗ ಮುಚ್ಚಿರುತ್ತೇವೆ, ಅದನ್ನು ತೆರೆಯಲು ಒಮ್ಮೆ ಇಂಟರ್ನೆಟ್ಟಿಗೆ ಸೇರಿಸಬೇಕು ಎಂದ. ಇಂಟರ್ನೆಟ್ ಬೇಡ ಎನ್ನಲು ಇಂಟರ್ನೆಟ್ಟಿನ ಅನುಮತಿ! ಕೇಬಲ್ ಇನ್ನೂ ತುಂಡಾಗಿಯೇ ಇತ್ತು. ನನ್ನ ಮೊಬೈಲಿನ ಇಂಟರ್ನೆಟ್ಟನ್ನೇ ಅದಕ್ಕೆ ಹಂಚಿ, ಸಿಗ್ನಲ್ ಸಿಗಲೆಂದು ಪೆಟ್ಟಿಗೆಯನ್ನು ಎದೆಗವಚಿಕೊಂಡು ಫೌಂಡ್ರಿಯ ಗೇಟಿನ ಹೊರಗೆ ನಿಂತೆ. ಹೋಗಿ ಬರುವವರೆಲ್ಲ ನೋಡಿ ನಗುತ್ತಿದ್ದರು.

ಅಂತೂ ತೆರೆಯಿತು. ಸೆನ್ಸರಿನ ಸಂದೇಶ ಪೆಟ್ಟಿಗೆಯಲ್ಲೇ ಓದಿಸಿದೆ, ನೀರು ಕಡಿಮೆಯಾದರೆ ಕುಲುಮೆಯ ಪಕ್ಕ ಕೆಂಪು ದೀಪ ಹತ್ತಿ ಸೈರನ್ ಕೂಗುವಂತೆ ತಂತಿ ಎಳೆದೆ. ಪೆಟ್ಟಿಗೆಗೆ ಸ್ವಂತ ಬ್ಯಾಟರಿ ಕೊಟ್ಟೆ. ಪರೀಕ್ಷೆ ಮಾಡಿದೆ, ಕೂಗಿತು. ಪೆಟ್ಟಿಗೆಯನ್ನು ಆರಿಸಿ ಮತ್ತೆ ಹೊತ್ತಿಸಿ ಪರೀಕ್ಷೆ ಮಾಡಿದೆ, ಸದ್ದಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ತಿಳಿಯಿತು, ಅದಕ್ಕೆ ಸ್ವಂತ ಗಡಿಯಾರವಿಲ್ಲ. ಆರಿ ಹೊತ್ತಿದ ಪ್ರತಿ ಸಲವೂ ಇವತ್ತು ಯಾವ ದಿನ ಎಂದು ಇಂಟರ್ನೆಟ್ಟನ್ನು ಕೇಳುತ್ತದೆ. ಉತ್ತರ ಬಾರದಿದ್ದರೆ ನನ್ನ ಮದುವೆಗೂ ಮುಂಚಿನ ಯಾವುದೋ ದಿನಾಂಕ ಹಿಡಿದು ಕೂರುತ್ತದೆ. ಸೆನ್ಸರಿನ ಗಡಿಯಾರ ಸರಿಯಾಗಿದ್ದುದರಿಂದ ಅದರ ಸಂದೇಶಗಳೆಲ್ಲ ಇನ್ನೂ ಬಾರದ ಕಾಲದವು ಎಂದು ಬಿಸಾಡುತ್ತಿತ್ತು. ವಾಚಿಗೆ ಹಾಕುವಂಥ ಗುಂಡಿ ಸೆಲ್ಲಿನಿಂದ ಓಡುವ ಸಣ್ಣ ಗಡಿಯಾರದ ಬಿಲ್ಲೆಯೊಂದನ್ನು ತರಿಸಿ ಬೆಸುಗೆ ಹಾಕಿದೆ.

ಇಷ್ಟಾದ ಮೇಲೆ ಒಂದು ಹೊಸ ನಿಯಮ ಸೇರಿಸಿದೆ, ಅದಕ್ಕೆ ಎಲ್ಲರೂ ನನ್ನ ಮೇಲೆ ತಿರುಗಿಬಿದ್ದರು. ಸೆನ್ಸರಿನಿಂದ ಸ್ವಲ್ಪ ಹೊತ್ತು ಸಂದೇಶ ಬರಲಿಲ್ಲವೆಂದರೆ ಹಳದಿ ದೀಪ ಹತ್ತಿ ಆಗಲೂ ಸೈರನ್ ಕೂಗಬೇಕು. ಸುದ್ದಿ ಬಂದಿಲ್ಲವೆಂದರೆ ಕ್ಷೇಮ ಎಂದುಕೊಳ್ಳಬಾರದು, ಮುರುಗೇಶನ ಕೈ ಸುಟ್ಟಿದ್ದೇ ಅದರಿಂದ.

‘ಸುಮ್ಸುಮ್ನೆ ಕೂಗಿದ್ರೆ ಗಿರಾಕಿಗೆ ಕಿರಿಕಿರಿ ಆಗಲ್ವೇನಮ್ಮಾ?’ ಎಂದರು ಪರಮೇಶ್ವರಪ್ಪನವರು.

‘ಆಗ್ಲಿ ಸಾರ್. ಕಿರಿಕಿರಿ ಆಗ್ಲಿ ಅಂತಾನೇ ಇಟ್ಟಿರೋದು.’

ಮುರುಗೇಶ ಕೆಲಸಕ್ಕೆ ಬಂದ ದಿನ ನಾನೂ ಹೋದೆ. ಅವನೆದುರಿಗೇ ಇಂಟರ್ನೆಟ್ ತಂತಿ ಕಿತ್ತೆ, ಮೇನ್ ಸ್ವಿಚ್ ಇಳಿಸಿದೆ, ಟ್ಯಾಂಕಿನ ನೀರು ಬಿಡಿಸಿದೆ. ಸೈರನ್ ಕೂಗಿತು. ಟ್ಯಾಂಕು ತುಂಬಿಸಿ ಸೆನ್ಸರಿನ ಬ್ಯಾಟರಿ ತೆಗೆದೆ. ಮತ್ತೆ ಕೂಗಿತು. ಅವನು ನನ್ನ ಮುಖ ನೋಡಿದ. ನಾನು ಸರಿಯಾಗಿದೆ ಎಂದೆ. ಅವನು ಕಟ್ಟೆ ಹತ್ತಿದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆಯುಧಪೂಜೆ ಬಂತಲ್ಲ.

ಬೆಳಿಗ್ಗೆ ಮನೆಯ ಮುಂದೆ ನನ್ನ ಸ್ಕೂಟರ್ ತೊಳೆದು ಕುಂಕುಮ ಇಡುತ್ತಿದ್ದೆ. ಪರಮೇಶ್ವರಪ್ಪನವರ ಫೋನು. ‘ಸುಮಿತ್ರಮ್ಮ, ನಿನ್ನ ಸೈರನ್ನು ಬೆಳಿಗ್ಗೆಯಿಂದ ಬಡ್ಕೊಳ್ತಾ ಇದೆಯಂತೆ. ಗೌಡ್ರು ಕೆಂಡ ಆಗಿದಾರೆ. ಹೋಗಿ ಅದರ ತಂತಿ ಕತ್ತರಿಸಿ ಬಾ.’ ಕುಂಕುಮದ ಕೈ ಒರೆಸಿಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಬಸ್ಸಿಗೂ ಬಾಳೆಕಂದು ಕಟ್ಟಿದ್ದರು, ಡ್ರೈವರಿಗೆ ರಸ್ತೆ ಹೇಗೆ ಕಾಣುತ್ತಿತ್ತೋ ದೇವರಿಗೇ ಗೊತ್ತು.

ಫೌಂಡ್ರಿ ಥಳಥಳ ಹೊಳೆಯುತ್ತಿತ್ತು. ಸೈರನ್ನಿನ ಬಾಯಿಗೆ ಗೋಣಿಚೀಲ ತುರುಕಿದ್ದರು, ಅದು ಒಳಗಿನಿಂದಲೇ ನರಳುತ್ತಿತ್ತು. ಹಳದಿ ದೀಪ ಉರಿಯುತ್ತಿತ್ತು. ರುದ್ರೇಗೌಡರು ರೇಷ್ಮೆ ಪಂಚೆಯುಟ್ಟು ವಾಚು ನೋಡುತ್ತಾ ನಿಂತಿದ್ದರು. ಪೂಜೆ ಮುಗಿದ ಕೂಡಲೇ ಒಳ್ಳೇ ಗಳಿಗೆಯಲ್ಲಿ ಒಂದಿಷ್ಟು ಕಬ್ಬಿಣ ಕರಗಿಸಿ ಎರೆಯುವುದು ಅವರ ತಂದೆಯ ಕಾಲದಿಂದ ನಡೆದುಬಂದ ಪದ್ಧತಿ. ಮುರುಗೇಶ ಹೊಸ ಅಂಗಿ ತೊಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು ಕಟ್ಟೆಯ ಮೇಲಿದ್ದ.

‘ಮೊದ್ಲು ಅದನ್ನ ಕತ್ತರಿಸಿ ಮೇಡಂ. ಮುಹೂರ್ತ ಮೀರ್ತಾ ಇದೆ’ ಎಂದರು ಗೌಡರು.

ನನಗೆ ಎಲ್ಲಿತ್ತೋ ಕೋಪ. ಬ್ಯಾಗಿನಿಂದ ಕಟಿಂಗ್ ಪ್ಲೇಯರ್ ತೆಗೆದು ಅವರ ಮುಂದೆ ಹಿಡಿದೆ. ‘ತಗೊಳ್ಳಿ ಗೌಡ್ರೇ, ನೀವೇ ಕತ್ತರಿಸಿ. ಆದ್ರೆ ಆಮೇಲೆ ಮುರುಗೇಶನ್ನ ಇಳಿಸಿ ಆ ಕಟ್ಟೆ ಮೇಲೆ ನೀವೇ ನಿಂತ್ಕೋಬೇಕು.’

ಅವರು ಪ್ಲೇಯರನ್ನೂ ನೋಡಿದರು, ಕಟ್ಟೆಯನ್ನೂ ನೋಡಿದರು. ಕೈ ಚಾಚಲಿಲ್ಲ.

ಹಳದಿ ಎಂದರೆ ಸೆನ್ಸರಿನ ಸಂದೇಶ ಬರುತ್ತಿಲ್ಲ ಎಂದರ್ಥ. ಟ್ಯಾಂಕು ಹತ್ತುವ ಮೊದಲು ಆಂಟೆನಾ ನೋಡೋಣ ಎಂದು ಬಾಗಿಲ ಕಡೆ ಹೋದೆ. ಆಂಟೆನಾ ಕಾಣಲಿಲ್ಲ. ಅದನ್ನು ನಿಲ್ಲಿಸಿದ್ದ ಕಂಬ ಬಾಗಿಲಿನ ಪಕ್ಕ ಸರಿಯಾದ ಎತ್ತರದಲ್ಲಿತ್ತಂತೆ. ಎರಡು ದಪ್ಪ ಬಾಳೆಕಂದುಗಳನ್ನು ಅದಕ್ಕೇ ಬಿಗಿದು, ಆಂಟೆನಾಗೆ ಬುಡದಿಂದ ತುದಿಯವರೆಗೆ ಬೆಳ್ಳಿಬಣ್ಣದ ಮಿಂಚಿನ ಕಾಗದ ಸುತ್ತಿ, ಮೇಲೊಂದು ಸೇವಂತಿಗೆ ಹಾರ ಹಾಕಿ, ಕೆಳಗೆ ನಿಂಬೆಹಣ್ಣು ಕಟ್ಟಿದ್ದರು. ನೀರು ತುಂಬಿದ ಬಾಳೆದಿಂಡು ರೇಡಿಯೊವನ್ನು ಹೀರುತ್ತದೆ, ಮಿಂಚಿನ ಕಾಗದ ಆಂಟೆನಾದ ಕಿವಿಯನ್ನೇ ಮುಚ್ಚುತ್ತದೆ. ಟ್ಯಾಂಕಿನ ಮೇಲಿನ ಸೆನ್ಸರ್ ಬೆಳಿಗ್ಗೆಯಿಂದ ಕೂಗಿ ಕೂಗಿ ಸಾಕಾಗಿರಬೇಕು.

‘ಅದೂ ಒಂದು ಆಯುಧ ಅಲ್ವಾ ಮೇಡಂ, ಅದಕ್ಕೂ ಪೂಜೆ ಆಗ್ಲಿ ಅಂತ’ ಎಂದ ಅಚ್ಚಿನವರಲ್ಲೊಬ್ಬ. ಇಡೀ ನನ್ನ ಸರ್ವಿಸಿನಲ್ಲಿ ನಾನು ಕೂಡಿಸಿದ ಪೆಟ್ಟಿಗೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು.

ಬಾಳೆಕಂದು ಬಿಚ್ಚಿಸಿ ಗೇಟಿಗೆ ಕಟ್ಟಿಸಿದೆ, ಕಾಗದ ಸುಲಿದೆ, ಸೈರನ್ನಿನ ಬಾಯಿಯ ಗೋಣಿಚೀಲ ಕಿತ್ತೆ. ಸ್ವಲ್ಪ ಹೊತ್ತಿಗೆ ಹಳದಿ ದೀಪ ಆರಿತು, ಸೈರನ್ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ‘ನೋಡಿದ್ರಾ, ಸುಮ್ನೆ ಬಡ್ಕೊಂಡಿದ್ದು’ ಎಂದರು ಗೌಡರು. ಮುರುಗೇಶ ನನ್ನ ಕಡೆ ನೋಡಿದ. ನಾನು ಅಂಗೈ ತೋರಿಸಿ ತಡಿ ಎಂದೆ. ನೀರಿನ ಮಟ್ಟದ ಬಗ್ಗೆ ಒಂದೇ ಸಂದೇಶ ನಂಬಬೇಡ, ಎರಡನೆಯದೂ ಅದನ್ನೇ ಹೇಳಿದರೆ ಮಾತ್ರ ಕೂಗು ಎಂದು ಪೆಟ್ಟಿಗೆಗೆ ನಾನೇ ಕಲಿಸಿದ್ದೆ. ಆ ಎರಡನೆಯದು ಇನ್ನೂ ಬಂದಿರಲಿಲ್ಲ.

ಬಂತು. ಕೆಂಪು ದೀಪ ಹತ್ತಿತು. ಸೈರನ್ ಮತ್ತೆ ಕೂಗಿತು.

‘ಟ್ಯಾಂಕಲ್ಲಿ ನೀರಿಲ್ಲ’ ಎಂದೆ.

‘ನಿನ್ನೆ ತಾನೆ ತುಂಬಿಸಿದೀವಲ್ಲ’ ಎಂದರು ಗೌಡರು.

ನಾನು ಸುತ್ತ ನೋಡಿದೆ. ತೊಳೆದ ಲಾರಿ. ತೊಳೆದ ಕ್ರೇನು. ತೊಳೆದ ನೆಲ. ಗೌಡರ ತೊಳೆದ ಕಾರು, ಅದರ ಚಕ್ರದಡಿ ನಿಂಬೆಹಣ್ಣು. ತುರ್ತು ಟ್ಯಾಂಕಿನ ನಲ್ಲಿಗೆ ಸಿಕ್ಕಿಸಿದ್ದ ಉದ್ದನೆಯ ರಬ್ಬರ್ ಪೈಪು ಇನ್ನೂ ಅಂಗಳದಲ್ಲೇ ಬಿದ್ದಿತ್ತು. ಸೈರನ್ನಿನ ಬಾಯಿಗೆ ಗೋಣಿಚೀಲ ತುರುಕಿ, ಅದರ ಕೆಳಗೇ ನಿಂತು, ಕೊನೆಯ ಹನಿಯವರೆಗೆ ತೊಳೆದಿದ್ದರು. ಯಾರೂ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಮುರುಗೇಶ ಕುಲುಮೆಯ ಸ್ವಿಚ್ಚಿನ ಮೇಲಿಂದ ಕೈ ತೆಗೆದು ಕಟ್ಟೆಯಿಂದ ಇಳಿದು ಬಂದ. ಎಡಗೈಯ ಸುಟ್ಟ ಕಲೆಯ ಮೇಲೂ ವಿಭೂತಿ ಬಳಿದುಕೊಂಡಿದ್ದ. ಈಗ ಇವರಿಗೆಲ್ಲ ಸರಿಯಾಗಿ ಬೈಯುತ್ತಾನೆ, ಬೈಯಲಿ, ಅವನಿಗೆ ಆ ಹಕ್ಕಿದೆ ಎಂದುಕೊಂಡೆ. ಅವನು ನನ್ನ ಹತ್ತಿರ ಬಂದು ತಲೆ ತಗ್ಗಿಸಿ, ಬೇರೆಯವರಿಗೆ ಕೇಳದ ಹಾಗೆ ಹೇಳಿದ.

‘ನನ್ನ ಬೈಕನ್ನೂ ಅದರಲ್ಲೇ ತೊಳ್ದೆ ಮೇಡಂ.’

ಗೋಡೆಯ ಪಕ್ಕ ಅದು ನಿಂತಿತ್ತು. ಹಾರ ಹಾಕಿಸಿಕೊಂಡು, ಫಳಫಳ ಹೊಳೆಯುತ್ತಾ.

ಪಂಪು ಹಾಕಿ ಟ್ಯಾಂಕು ತುಂಬಿಸುವಷ್ಟರಲ್ಲಿ ಮುಹೂರ್ತ ಎಂದೋ ಮೀರಿತ್ತು. ಅಲ್ಲಿಯವರೆಗಾದರೂ ಸೈರನ್ ನಿಲ್ಲಿಸಿ ಎಂದು ಗೌಡರು ಕೇಳಿದರು. ಆಗುವುದಿಲ್ಲ ಎಂದೆ. ಎಲ್ಲರೂ ಕಟ್ಟೆಯ ಕೆಳಗೆ ಕುಳಿತು, ಆ ಕಿರುಚಾಟದಲ್ಲೇ ಪ್ರಸಾದದ ಮಂಡಕ್ಕಿ ತಿಂದೆವು. ಮುರುಗೇಶ ನನ್ನ ಪಕ್ಕವೇ ಕೂತು, ತನ್ನ ಪಾಲಿನ ಕೊಬ್ಬರಿ ಚೂರುಗಳನ್ನೆಲ್ಲ ಆರಿಸಿ ನನ್ನ ಕೈಗೆ ಹಾಕುತ್ತಿದ್ದ. ಕೆಂಪು ದೀಪ ಆರಿದ ಮೇಲೂ ಅವನು ಏಳಲಿಲ್ಲ. ನಾನು ಎದ್ದು ಮೊದಲು ಕಟ್ಟೆ ಹತ್ತಿದೆ, ಆಮೇಲೆ ಅವನು ಬಂದ.